ಗಡಿ ಒಂದು, ಗೆರೆ ಎರಡು: ಪೋಸ್ಟ್‌ಜಿಐಎಸ್‌ನಲ್ಲಿ ಎರಡು ಪಾಲಿಗನ್ ಟೇಬಲ್ ಕೂಡಿಸಿದ ಲಾಗ್

ಪೋಸ್ಟ್‌ಜಿಐಎಸ್ ಅಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಕ್ಷೆಯ ಆಕಾರಗಳನ್ನು ಇಟ್ಟು ಲೆಕ್ಕ ಹಾಕಲು ಬಿಡುವ ಸೇರ್ಪಡೆ. ಅದರಲ್ಲಿ ಎರಡು ಟೇಬಲ್ ಇದ್ದವು. ಎರಡರಲ್ಲೂ ಭೂಬಳಕೆಯ ಪಾಲಿಗನ್‌ಗಳು, ಅಂದರೆ ಕಾಡು, ಹೊಲದಂಥ ಜಾಗಗಳ ಮುಚ್ಚಿದ ಗಡಿಯ ಆಕಾರಗಳು. ಒಂದು ಈಚೆಗೆ ಅಳೆದದ್ದು, ನಿಖರವಾಗಿದೆ, ಆದರೆ ಪ್ರದೇಶದ ಒಂದು ಭಾಗಕ್ಕೆ ಮಾತ್ರ ಇದೆ. ಇನ್ನೊಂದು ಹಳೆಯದು, ಸ್ವಲ್ಪ ಒರಟು, ಆದರೆ ಇಡೀ ಪ್ರದೇಶಕ್ಕೆ ಇದೆ. ಬೇಕಾಗಿದ್ದು ಒಂದೇ ಟೇಬಲ್. ಒಂದು ಜಾಗಕ್ಕೆ ಒಂದೇ ಪಾಲಿಗನ್ ಇರಬೇಕು. ನಡುವೆ ಬಿರುಕು ಇರಬಾರದು, ಒಂದರ ಮೇಲೊಂದು ಬೀಳಬಾರದು.

ಇಂಥ ಕೆಲಸ ಅಂದ ಕೂಡಲೇ ‘ಎಸ್‌ಟಿ_ಯೂನಿಯನ್ ಹಾಕಿಬಿಡಿ’ ಅನ್ನುವವರೇ ಜಾಸ್ತಿ. ಹಲವು ಆಕಾರಗಳನ್ನು ಒಂದಾಗಿಸುವ ಆ ಫಂಕ್ಷನ್ ಬೇಕೇ ಬೇಕು, ನಿಜ. ಆದರೆ ಕೆಲಸದ ಮುಕ್ಕಾಲು ಪಾಲು ಬೇರೆ ಕಡೆ ಇದೆ. ಯಾವ ಟೇಬಲ್‌ನ ಗೆರೆ ಉಳಿಯಬೇಕು ಅಂತ ಮೊದಲು ತೀರ್ಮಾನಿಸಬೇಕು. ಆಮೇಲೆ ಅಕ್ಕಪಕ್ಕದ ಪಾಲಿಗನ್‌ಗಳೆಲ್ಲ ಆ ಒಂದೇ ಗೆರೆಯನ್ನು, ಬಿಂದುವಿಗೆ ಬಿಂದು, ಹಂಚಿಕೊಳ್ಳುವ ಹಾಗೆ ಮಾಡಬೇಕು. ಇಲ್ಲಿ ತೀರ್ಮಾನ ಸುಲಭವಾಗಿತ್ತು: ಹೊಸದು ಇರುವ ಕಡೆ ಹೊಸದೇ, ಉಳಿದ ಕಡೆ ಹಳೆಯದು. ಎರಡನೇ ಕೆಲಸವೇ ಬೆವರಿಳಿಸಿದ್ದು.

ಸರ್ವರ್‌ನಲ್ಲಿ ಇದ್ದದ್ದು ಪೋಸ್ಟ್‌ಜಿಐಎಸ್ 3.4, ಅದರ ಕೆಳಗೆ, ಆಕಾರಗಳ ಲೆಕ್ಕ ಮಾಡುವ ಲೈಬ್ರರಿ ಜಿಯೋಸ್ 3.12. ಶುರು ಮಾಡುವ ಮೊದಲು ಪೋಸ್ಟ್‌ಜಿಐಎಸ್_ಫುಲ್_ವರ್ಷನ್ ಓಡಿಸಿ ಇದನ್ನು ನೋಡಿಕೊಳ್ಳಿ. ಯೂನಿಯನ್, ಡಿಫರೆನ್ಸ್, ಇಂಟರ್‌ಸೆಕ್ಷನ್‌ಗೆ ಗ್ರಿಡ್ ಅಳತೆ (ಬಿಂದುಗಳು ಕೂರಬೇಕಾದ ಚೌಕದ ಗಾತ್ರ) ಕೊಡುವ ಸೌಲಭ್ಯ ಬಂದದ್ದು ಪೋಸ್ಟ್‌ಜಿಐಎಸ್ 3.1ರಲ್ಲಿ, ಅದೂ ಜಿಯೋಸ್ 3.9 ಇದ್ದರೆ ಮಾತ್ರ. ಬಿರುಕಿಲ್ಲದೆ ಅಕ್ಕಪಕ್ಕ ಕೂಡಿದ ಪಾಲಿಗನ್‌ಗಳ ಗುಂಪಿಗೆ ಕವರೇಜ್ ಅನ್ನುತ್ತಾರೆ. ನಾನು ಬಳಸಿದ ಕವರೇಜ್ ಫಂಕ್ಷನ್‌ಗಳಿಗೆ 3.4 ಬೇಕು.

ಒಳಗೆ ತರುವುದು

ಎರಡೂ ಶೇಪ್‌ಫೈಲ್ ಅನ್ನುವ ನಕ್ಷೆ ಫೈಲ್‌ಗಳಾಗಿ ಬಂದಿದ್ದವು. ಫೈಲ್ ಬಗೆ ಬದಲಾಯಿಸುವ ಒಜಿಆರ್2ಒಜಿಆರ್‌ನಿಂದ ಒಳಗೆ ತಂದೆ, ‘ಪ್ರೊಮೋಟ್_ಟು_ಮಲ್ಟಿ’ ಆಯ್ಕೆ ಹಾಕಿ. ಶೇಪ್‌ಫೈಲ್‌ನಲ್ಲಿ ಪಾಲಿಗನ್, ಮಲ್ಟಿಪಾಲಿಗನ್ (ಹಲವು ತುಂಡುಗಳು ಸೇರಿದ ಪಾಲಿಗನ್) ಎರಡೂ ಒಂದೇ ಬಗೆಯಲ್ಲಿ ಇರುತ್ತವೆ. ಈ ಆಯ್ಕೆ ಬಿಟ್ಟರೆ ಅರ್ಧ ದಾರಿಯಲ್ಲಿ ‘ಕಾಲಂನ ಬಗೆಗೆ ಹೊಂದುತ್ತಿಲ್ಲ’ ಅಂತ ನಿಂತುಬಿಡುತ್ತದೆ. ಕಾಲಂ ಹೆಸರುಗಳು 10 ಅಕ್ಷರಕ್ಕೆ ಕತ್ತರಿಸಿಹೋಗಿದ್ದವು. ಅದು ಶೇಪ್‌ಫೈಲ್‌ನ ಹಳೇ ಚಾಳಿ, ಹೆಸರು ಸರಿಪಡಿಸಿ ಮುಂದೆ ಹೋದೆ.

ಹೊಸದು ಯುಟಿಎಂ ಅನ್ನುವ ಸಮತಟ್ಟು ನಕ್ಷೆಯ ಪದ್ಧತಿಯಲ್ಲಿ, ಮೀಟರ್ ಲೆಕ್ಕದಲ್ಲಿ ಇತ್ತು. ಹಳೆಯದು 4326 ಅನ್ನುವ ಅಕ್ಷಾಂಶ-ರೇಖಾಂಶದ ಪದ್ಧತಿಯಲ್ಲಿ, ಅಂದರೆ ಡಿಗ್ರಿ ಲೆಕ್ಕದಲ್ಲಿ. ಎಸ್‌ಟಿ_ಸೆಟ್‌ಎಸ್‌ಆರ್‌ಐಡಿ ಬರೀ ಎಸ್‌ಆರ್‌ಐಡಿಯನ್ನು, ಅಂದರೆ ‘ಇದು ಯಾವ ಪದ್ಧತಿ’ ಅನ್ನುವ ಚೀಟಿಯನ್ನು, ಬದಲಾಯಿಸುತ್ತದೆ, ಅಂಕಿಗಳನ್ನು ಮುಟ್ಟುವುದಿಲ್ಲ. ಅಂಕಿಗಳನ್ನೇ ಬದಲಾಯಿಸಲು ಎಸ್‌ಟಿ_ಟ್ರಾನ್ಸ್‌ಫಾರ್ಮ್ ಬೇಕು. ಎರಡನ್ನೂ ಯುಟಿಎಂಗೆ ತಂದೆ. ಮುಂದೆ ‘ಅರ್ಧ ಮೀಟರ್’, ‘ಒಂದು ಸೆಂಟಿಮೀಟರ್’ ಅಂತ ಅಳತೆ ಕೊಡಬೇಕಾಗುತ್ತದೆ. ಡಿಗ್ರಿಯಲ್ಲಿ ಅದನ್ನೆಲ್ಲ ಯೋಚಿಸುವುದೇ ಕಷ್ಟ. 0.00001 ಡಿಗ್ರಿ ಅಕ್ಷಾಂಶದ ಕಡೆಗೆ ಸುಮಾರು 1.1 ಮೀಟರ್ ಆದರೆ, ರೇಖಾಂಶದ ಕಡೆಗೆ ಎಷ್ಟು ಅನ್ನುವುದು ಆ ಜಾಗ ಭೂಮಧ್ಯರೇಖೆಯಿಂದ ಎಷ್ಟು ದೂರ ಅನ್ನುವುದರ ಮೇಲೆ ನಿಂತಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯುಟಿಎಂ ವಲಯದ ನಡುಗೆರೆಯ ಮೇಲೆ ಅಳತೆಯ ಗುಣಕ 0.9996. ವಿಸ್ತೀರ್ಣದಲ್ಲಿ ಅದು ಅಲ್ಲಿ ಸುಮಾರು 0.08 ಶೇಕಡಾ ಕಡಿಮೆ ತೋರಿಸುತ್ತದೆ. ನಮ್ಮೊಳಗಿನ ತಾಳೆಗೆ ಇದರಿಂದ ತೊಂದರೆ ಇಲ್ಲ, ಎರಡೂ ಕಡೆ ಒಂದೇ ಸೊಟ್ಟ. ವರದಿಗೆ ಹೋಗುವ ವಿಸ್ತೀರ್ಣವನ್ನು ಮಾತ್ರ ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿಯುವ ಜಿಯಾಗ್ರಫಿ ಬಗೆಗೆ ಬದಲಾಯಿಸಿಯೇ ಲೆಕ್ಕ ಹಾಕಿದೆ.

ಕೆಟ್ಟ ಪಾಲಿಗನ್‌ಗಳು, ಆಮೇಲೆ ಒಂದು ಲೆಕ್ಕ

ಎಸ್‌ಟಿ_ಈಸ್‌ವ್ಯಾಲಿಡ್‌ರೀಸನ್ ಓಡಿಸಿ, ಕಾರಣದ ಪ್ರಕಾರ ಗುಂಪು ಮಾಡಿ ನೋಡಿದೆ. ಹೆಚ್ಚಿನವು ತನ್ನ ಗೆರೆಯನ್ನು ತಾನೇ ದಾಟಿದ ಉಂಗುರಗಳು, ಅಂದರೆ ಮುಚ್ಚಿದ ಗಡಿಗೆರೆಗಳು. ಕೆಲವು ಕಡೆ ಮಲ್ಟಿಪಾಲಿಗನ್‌ನ ತುಂಡುಗಳು ಒಂದರ ಮೇಲೊಂದು ಬಿದ್ದಿದ್ದವು.

ಆಕಾರವನ್ನು ಹಿಗ್ಗಿಸುವ, ಕುಗ್ಗಿಸುವ ಎಸ್‌ಟಿ_ಬಫರ್‌ಗೆ ಸೊನ್ನೆ ಕೊಟ್ಟು ಸರಿಪಡಿಸುವ ಹಳೇ ಉಪಾಯ ಈಗಲೂ ಓಡಾಡುತ್ತಿದೆ. ಅದನ್ನು ಬಳಸಬೇಡಿ. ಎಂಟರ ಆಕಾರದಲ್ಲಿ ತಿರುಚಿದ ಪಾಲಿಗನ್‌ಗೆ ಅದನ್ನು ಹಾಕಿದರೆ ಒಂದು ಅರ್ಧ ಸದ್ದಿಲ್ಲದೆ ಮಾಯವಾಗಬಹುದು. ಎಸ್‌ಟಿ_ಮೇಕ್‌ವ್ಯಾಲಿಡ್ ಇರುವುದೇ ಇದಕ್ಕೆ. 3.2ರಿಂದ ಅದರಲ್ಲಿ ಎರಡು ವಿಧಾನಗಳಿವೆ. ತಾನಾಗೇ ಸಿಗುವ ‘ಲೈನ್‌ವರ್ಕ್’ ಎಲ್ಲ ಗೆರೆಗಳನ್ನೂ ಉಳಿಸಿಕೊಳ್ಳಲು ಹೋಗುತ್ತದೆ, ಹಾಗಾಗಿ ಎರಡು ತುಂಡು ಒಂದರ ಮೇಲೊಂದು ಬಿದ್ದ ಜಾಗ ತೂತಾಗಿ ಹೊರಬರಬಹುದು. ‘ಸ್ಟ್ರಕ್ಚರ್’ ವಿಧಾನ ಮೊದಲು ಉಂಗುರಗಳನ್ನು ಸರಿಮಾಡಿ, ಹೊರ ಉಂಗುರಗಳನ್ನು ಕೂಡಿಸಿ, ತೂತುಗಳನ್ನು ಕಳೆಯುತ್ತದೆ. ಭೂಬಳಕೆಯ ಡೇಟಾಗೆ ಎರಡನೆಯದೇ ಸರಿ. ಎರಡು ಸಲ ಬರೆದ ಹೊಲ ಹೊಲವೇ ಅಲ್ವಾ, ತೂತು ಹೇಗಾಗುತ್ತದೆ? ಜೊತೆಗೆ ‘ಕೀಪ್‌ಕೊಲ್ಯಾಪ್ಸ್ಡ್’ ಫಾಲ್ಸ್ ಅಂತ ಕೊಟ್ಟೆ, ಕುಸಿದು ಗೆರೆಯಾದ ತುಂಡುಗಳು ಉಳಿಯದಿರಲಿ ಅಂತ. ಕೊನೆಗೆ ಎಸ್‌ಟಿ_ಕಲೆಕ್ಷನ್‌ಎಕ್ಸ್‌ಟ್ರ್ಯಾಕ್ಟ್‌ಗೆ 3 ಕೊಟ್ಟು ಪಾಲಿಗನ್‌ಗಳನ್ನು ಮಾತ್ರ ಇಟ್ಟುಕೊಂಡೆ.

ಈಗ ಆ ಲೆಕ್ಕ. ಪ್ರತಿ ಟೇಬಲ್‌ಗೂ ಎರಡು ಅಂಕಿ: ಎಲ್ಲ ಪಾಲಿಗನ್‌ಗಳ ವಿಸ್ತೀರ್ಣದ ಮೊತ್ತ, ಮತ್ತು ಎಲ್ಲವನ್ನೂ ಯೂನಿಯನ್ ಮಾಡಿದ ಮೇಲಿನ ವಿಸ್ತೀರ್ಣ. ಎರಡೂ ಒಂದೇ ಆಗಿದ್ದರೆ ಆ ಟೇಬಲ್‌ನ ಒಳಗೆ ಮೇಲೆಬಿದ್ದ ಜಾಗ ಇಲ್ಲ ಅಂತ. ಹೊಸದು ತಾಳೆಯಾಯಿತು. ಹಳೆಯದರಲ್ಲಿ ಮೊತ್ತ ಜಾಸ್ತಿ ಬಂತು, ಅಂದರೆ ಅದರೊಳಗೇ ಜಗಳ ಇದೆ. ಈ ಅಂಕಿಗಳನ್ನು ಒಂದು ಪುಟ್ಟ ಟೇಬಲ್‌ನಲ್ಲಿ ಬರೆದಿಟ್ಟೆ. ಕೊನೆಯ ವಿಸ್ತೀರ್ಣ ಹೀಗಿರಬೇಕು: ಹೊಸದರ ಯೂನಿಯನ್, ಕೂಡಿಸು ಹಳೆಯದರ ಯೂನಿಯನ್, ಕಳೆ ಎರಡೂ ಹಂಚಿಕೊಂಡ ಜಾಗ, ಕೂಡಿಸು ನಾನು ತುಂಬಿದ ಬಿರುಕು. ಪ್ರತಿ ಹಂತದ ನಂತರ ಇದನ್ನೇ ತಾಳೆ ನೋಡುತ್ತಾ ಹೋದೆ.

ಬರೀ ಕಳೆದರೆ ಏನಾಗುತ್ತದೆ

ಸಮಸ್ಯೆ ಎಷ್ಟು ದೊಡ್ಡದು ಅಂತ ಗೊತ್ತಾಗಲಿ ಅಂತ ಮೊದಲು ಸರಳ ದಾರಿ ಓಡಿಸಿದೆ. ಪ್ರತಿ ಹಳೇ ಪಾಲಿಗನ್‌ನಿಂದ, ಅದಕ್ಕೆ ತಾಗುವ ಹೊಸ ಪಾಲಿಗನ್‌ಗಳ ಯೂನಿಯನ್ ಅನ್ನು ಕಳೆ. ಪ್ರತಿ ಸಾಲಿಗೂ ಒಂದು ಒಳಕ್ವೆರಿ ಓಡಿಸುವ ಲ್ಯಾಟರಲ್ ಜಾಯಿನ್‌ನಲ್ಲಿ ಬರೆದರೆ ಕ್ವೆರಿ ಚಿಕ್ಕದೇ.

ಇಲ್ಲಿ ಒಂದು ಗುಂಡಿ ಇದೆ. ಹಳೇ ಪಾಲಿಗನ್‌ಗೆ ಹೊಸದು ಯಾವುದೂ ತಾಗದೇ ಇದ್ದರೆ ಆ ಯೂನಿಯನ್ ನಲ್, ಅಂದರೆ ಬೆಲೆಯೇ ಇಲ್ಲದ್ದು, ಆಗಿರುತ್ತದೆ. ಯಾವುದರಿಂದಲೇ ಆಗಲಿ, ನಲ್ ಕಳೆದರೆ ಬರುವುದು ನಲ್. ಅಂದರೆ ಯಾರ ತಂಟೆಗೂ ಹೋಗದ ಪಾಲಿಗನ್‌ಗಳೇ ಕಾಣೆಯಾಗುತ್ತವೆ, ಎರರ್ ಕೂಡ ಬರುವುದಿಲ್ಲ. ಡಿಫರೆನ್ಸ್ ಅನ್ನು ಕೋಅಲೆಸ್ ಒಳಗೆ ಹಾಕಿ, ನಲ್ ಬಂದರೆ ಮೂಲ ಪಾಲಿಗನ್ ಅನ್ನೇ ಕೊಡುವ ಹಾಗೆ ಮಾಡಬೇಕು.

ಇನ್ನೊಂದು, ತಾಗುವುದನ್ನು ಹುಡುಕುವ ಬಗೆ. ಎಸ್‌ಟಿ_ಇಂಟರ್‌ಸೆಕ್ಟ್ಸ್ ಬರೀ ಅಂಚು ತಾಗಿದರೂ ಹೌದು ಅನ್ನುತ್ತದೆ. ಎಸ್‌ಟಿ_ಓವರ್‌ಲ್ಯಾಪ್ಸ್ ಒಂದು ಇನ್ನೊಂದರೊಳಗೆ ಪೂರ್ತಿ ಕೂತಿದ್ದರೆ ಇಲ್ಲ ಅನ್ನುತ್ತದೆ. ನನಗೆ ಬೇಕಿದ್ದದ್ದು ಒಳಭಾಗ ನಿಜವಾಗಿ ಹಂಚಿಕೊಂಡಿವೆಯೇ ಅನ್ನುವುದು. ಅದಕ್ಕೆ ಎಸ್‌ಟಿ_ರಿಲೇಟ್, ಜೊತೆಗೆ 2 ಅಂಕಿಯೂ ಅದರ ಹಿಂದೆ ಎಂಟು ನಕ್ಷತ್ರಗಳೂ ಇರುವ ಮಾದರಿ. ಎಸ್‌ಟಿ_ರಿಲೇಟ್ ಜಾಗದ ಪ್ರಕಾರ ಬೇಗ ಹುಡುಕಿಕೊಡುವ ಜಿಸ್ಟ್ ಇಂಡೆಕ್ಸ್ ಅನ್ನು ತಾನಾಗಿ ಬಳಸುವುದಿಲ್ಲ, ಹಾಗಾಗಿ ಮುಂದೆ ಎರಡು ಆಂಪರ್ಸಂಡ್‌ನ (&&) ಡಬ್ಬಿ ಪರೀಕ್ಷೆಯನ್ನೂ, ಅಂದರೆ ಎರಡರ ಸುತ್ತಲಿನ ಆಯತಗಳು ತಾಗುತ್ತವೆಯೇ ಅನ್ನುವುದನ್ನೂ, ಬರೆಯಬೇಕು.

ಕ್ವೆರಿ ಓಡಿತು. ನಕ್ಷೆ ನೋಡುವ ಕ್ಯೂಜಿಐಎಸ್‌ನಲ್ಲಿ ತೆರೆದರೆ ದೂರದಿಂದ ಚೆನ್ನಾಗಿಯೇ ಕಂಡಿತು. ಹತ್ತಿರ ಹೋದಾಗ ಬಣ್ಣ ಬಯಲಾಯಿತು.

ಒಂದು ಜಾಗವನ್ನು ಬಿಡಿಸಿ ಹೇಳುತ್ತೇನೆ. ಒಂದು ನೇರ ಗಡಿ, ಉದ್ದ ಸುಮಾರು 100 ಮೀಟರ್. ಹೊಸ ಅಳತೆಯಲ್ಲಿ ಅದಕ್ಕೆ ಎರಡೇ ಬಿಂದು, ಈ ತುದಿ ಒಂದು, ಆ ತುದಿ ಒಂದು. ಹಳೆಯದರಲ್ಲಿ ಅದೇ ಗಡಿಗೆ ಆರೇಳು ಬಿಂದುಗಳು. ಒಂದು ಬಿಂದು ಹೊಸ ಗೆರೆಯಿಂದ 20 ಸೆಂಟಿಮೀಟರ್ ಆ ಕಡೆ, ಮುಂದಿನದು 30 ಸೆಂಟಿಮೀಟರ್ ಈ ಕಡೆ. ಹಳೇ ಗೆರೆ ಹೊಸದನ್ನು ಹೆಣೆದುಕೊಂಡು ಹೋಗಿತ್ತು. ಹಳೆಯದು ಒಳಗೆ ನುಗ್ಗಿದ ಕಡೆ ಡಿಫರೆನ್ಸ್ ಕತ್ತರಿಸಿತು, ಅದು ಸರಿ. ಹಿಂದೆ ಸರಿದ ಕಡೆ ಉದ್ದನೆಯ ಬಿರುಕು ಉಳಿಯಿತು. ಗಡಿಯ ಆಚೆಗಿನ ಬೇರೊಂದು ಹಳೇ ಪಾಲಿಗನ್ ಈಚೆಗೆ ಚಾಚಿದ್ದ ಕಡೆ ಕೂದಲೆಳೆಯಂಥ ಚೂರುಗಳು ಹುಟ್ಟಿಕೊಂಡವು. ಒಂದೇ ಗಡಿಯಲ್ಲಿ ಇಷ್ಟು. ಎರಡು ಡೇಟಾ ಸೇರುವ ಉದ್ದಕ್ಕೂ ಇದೇ ಕಥೆ.

ಮೊದಲು ಗೆರೆ, ಆಮೇಲೆ ಪಾಲಿಗನ್

ಒಂದು ಆಕಾರದ ಬಿಂದುಗಳನ್ನು ಹತ್ತಿರದ ಇನ್ನೊಂದಕ್ಕೆ ಎಳೆದು ಅಂಟಿಸುವ ಎಸ್‌ಟಿ_ಸ್ನ್ಯಾಪ್ ಅನ್ನು ಪ್ರತಿ ಹಳೇ ಪಾಲಿಗನ್‌ಗೆ ಬೇರೆ ಬೇರೆಯಾಗಿ ಹಾಕಬಹುದು. ನಾನು ಹಾಕಲಿಲ್ಲ. ಪಕ್ಕಪಕ್ಕದ ಎರಡು ಹಳೇ ಪಾಲಿಗನ್‌ಗಳಿಗೆ ಸುತ್ತಲಿನ ಹೊಸ ಪಾಲಿಗನ್‌ಗಳ ಪಟ್ಟಿ ಬೇರೆ ಬೇರೆ ಇರುತ್ತದೆ. ಅವರಿಬ್ಬರ ನಡುವಿನ ಗೆರೆಯ ಬಿಂದು ಒಬ್ಬರಲ್ಲಿ ಒಂದು ಕಡೆಗೆ, ಇನ್ನೊಬ್ಬರಲ್ಲಿ ಇನ್ನೊಂದು ಕಡೆಗೆ ಜರುಗಬಹುದು. ಇದ್ದ ಬಿರುಕು ಮುಚ್ಚಲು ಹೋಗಿ ಹೊಸ ಬಿರುಕು ತೆರೆದ ಹಾಗೆ.

ಹಾಗಾಗಿ ಪಾಲಿಗನ್ ಅನ್ನುವುದನ್ನೇ ಸ್ವಲ್ಪ ಹೊತ್ತು ಮರೆತು, ಎಲ್ಲವನ್ನೂ ಗೆರೆಗಳಾಗಿ ಬಿಚ್ಚಿದೆ. ಎಸ್‌ಟಿ_ಬೌಂಡರಿ ಗಡಿಗೆರೆ ಕೊಡುತ್ತದೆ. ಆ ಗೆರೆಗಳನ್ನು ಎಸ್‌ಟಿ_ಯೂನಿಯನ್ ಮಾಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಎರಡು ಸಲ ಬಂದ ಗೆರೆ ಒಂದಾಗುತ್ತದೆ, ಗೆರೆಗಳು ದಾಟುವ ಕಡೆಯೆಲ್ಲ ಬಿಂದು ಬೀಳುತ್ತದೆ. ಹಳೆಯದರ ಇಬ್ಬರು ನೆರೆಯವರ ನಡುವೆ ಈಗ ಒಂದೇ ಗೆರೆ. ಅದು ಜರುಗಿದರೆ ಇಬ್ಬರಿಗೂ ಜರುಗುತ್ತದೆ.

ಎಸ್‌ಟಿ_ಸ್ನ್ಯಾಪ್ ಎಳೆಯುವುದು ಎದುರಿನ ಬಿಂದುಗಳ ಕಡೆಗೆ, ಎದುರಿನ ಗೆರೆಯ ಕಡೆಗಲ್ಲ. ಮೇಲೆ ಹೇಳಿದ 100 ಮೀಟರ್ ಗಡಿಯಲ್ಲಿ ಹೊಸದಕ್ಕೆ ಎರಡೇ ಬಿಂದು. ನಡುವೆ ಹಿಡಿದುಕೊಳ್ಳಲು ಏನೂ ಇಲ್ಲ. ಅದಕ್ಕೆ ಹೊಸ ಗೆರೆಗಳ ಒಂದು ಪ್ರತಿಗೆ ಎಸ್‌ಟಿ_ಸೆಗ್ಮೆಂಟೈಜ್ ಹಾಕಿ, ಅರ್ಧ ಮೀಟರ್‌ಗಿಂತ ದೂರವಾಗದ ಹಾಗೆ ಬಿಂದುಗಳನ್ನು ಇಟ್ಟೆ. ಸ್ನ್ಯಾಪ್‌ನ ಅಳತೆಯೂ ಅರ್ಧ ಮೀಟರೇ. ಹೊಸ ಗೆರೆಯಿಂದ 40 ಸೆಂಟಿಮೀಟರ್ ಆಚೆ ಇರುವ ಹಳೇ ಬಿಂದುವಿಗೆ ಅತಿ ಹತ್ತಿರದ ಹೊಸ ಬಿಂದು ಹೆಚ್ಚೆಂದರೆ 47 ಸೆಂಟಿಮೀಟರ್ ದೂರದಲ್ಲಿ ಇರುತ್ತದೆ, ಸಿಕ್ಕಿಬೀಳುತ್ತದೆ. ಬಿಂದುಗಳನ್ನು ಮೀಟರ್‌ಗೊಂದು ಇಟ್ಟಿದ್ದರೆ ಅದು ತಪ್ಪಿಸಿಕೊಳ್ಳಬಹುದಿತ್ತು.

ಅರ್ಧ ಮೀಟರ್ ಯಾಕೆ? ಹಳೇ ಡೇಟಾ ಎಷ್ಟು ಅಲುಗುತ್ತದೆ ಅಂತ ಹಲವು ಗಡಿಗಳಲ್ಲಿ ಅಳೆದು ನೋಡಿದಾಗ ಹೆಚ್ಚಿನದೆಲ್ಲ ಅದರೊಳಗೆ ಇತ್ತು. ಮೇಲಿನ ಮಿತಿ ಇನ್ನೂ ಮುಖ್ಯ. ಡೇಟಾದಲ್ಲಿ ನಿಜವಾಗಿಯೂ ಇರುವ ಅತಿ ಸಣ್ಣ ಅಗಲ, ಇಲ್ಲಿ ಒಂದು ಕಾಲುವೆ, ಸುಮಾರು ಎರಡು ಮೀಟರ್. ಸ್ನ್ಯಾಪ್‌ನ ಅಳತೆ ಅದರ ಹತ್ತಿರ ಹೋದರೆ ಕಾಲುವೆಯ ಎರಡು ದಂಡೆ ಅಂಟಿಕೊಂಡು ಕಾಲುವೆಯೇ ಇಲ್ಲವಾಗುತ್ತದೆ.

ಎಲ್ಲ ಗೆರೆಗಳನ್ನೂ ಒಂದೇ ಸಲ ಕೂಡಿಸಿದರೆ ಮೆಮೊರಿ ಸಾಕಾಗುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಹೊಸ ಡೇಟಾದಿಂದ ದೂರ ಇರುವ ಹಳೇ ಪಾಲಿಗನ್‌ಗಳು ನೇರವಾಗಿ ಕೊನೆಯ ಟೇಬಲ್‌ಗೆ ಹೋಗಲಿ. ಎಸ್‌ಟಿ_ಡಿವಿದಿನ್ ಬಳಸಿ ಹೊಸದಕ್ಕೆ ಒಂದು ಮೀಟರ್ ಒಳಗೆ ಬರುವವನ್ನು ಮಾತ್ರ ಎತ್ತಿಕೊಂಡೆ. ಅವು ಸಹಜವಾಗಿಯೇ ಹಲವು ಗುಂಪುಗಳಾಗಿ ಒಡೆದವು. ಒಂದು ಗುಂಪಿನ ಎಲ್ಲ ಗೆರೆಗಳಿಗೂ ಹೊಸ ಗೆರೆಗಳ ಆ ಬಿಂದು ತುಂಬಿದ ಪ್ರತಿಯನ್ನೇ ಎದುರು ಕೊಟ್ಟು ಸ್ನ್ಯಾಪ್ ಮಾಡಿದೆ. ಒಂದೇ ಬಿಂದು ಎರಡು ಕಡೆ ಓಡದಿರಲು ಇದು ಬೇಕು.

ಆಮೇಲೆ ಹೊಸ ಗೆರೆ, ಜರುಗಿದ ಹಳೇ ಗೆರೆ ಎರಡನ್ನೂ ಸೇರಿಸಿ ಎಸ್‌ಟಿ_ಯೂನಿಯನ್, ಗ್ರಿಡ್ 0.01 ಮೀಟರ್. ಗ್ರಿಡ್ ಬಗ್ಗೆ ಒಂದು ಮಾತು. ಬಿಂದುಗಳನ್ನು ಬರೆದಿಡುವ ‘ಡಬಲ್’ ಬಗೆಯ ಅಂಕಿ 15-16 ಅಂಕೆಗಳನ್ನು ಹಿಡಿದಿಡುತ್ತದೆ. ಯುಟಿಎಂನ ಉತ್ತರದ ಅಂಕಿ ಏಳು ಅಂಕೆ ತಿಂದರೂ ಉಳಿದವು ನ್ಯಾನೋಮೀಟರ್‌ವರೆಗೆ ಹೋಗುತ್ತವೆ. ಯಾರೂ ಅಳೆಯದ ನ್ಯಾನೋಮೀಟರ್! ಲೆಕ್ಕದಲ್ಲಿ ಹುಟ್ಟಿದ ಈ ಕಸದಿಂದಲೇ ಹಿಂದೆ ‘ಟೋಪಾಲಜಿ ಎಕ್ಸೆಪ್ಷನ್’ ಅಂತ ಯೂನಿಯನ್ ಅರ್ಧಕ್ಕೆ ಬೀಳುತ್ತಿದ್ದದ್ದು. ಗ್ರಿಡ್ ಕೊಟ್ಟರೆ ಎಲ್ಲ ಬಿಂದುಗಳೂ ಸೆಂಟಿಮೀಟರ್ ಚೌಕದ ಮೇಲೇ ಕೂರುತ್ತವೆ. ಆದರೆ ಗ್ರಿಡ್ ಅನ್ನು ಸ್ನ್ಯಾಪ್ ಅಂತ ತಿಳಿಯಬೇಡಿ. ಎರಡು ಬಿಂದು ಕೂದಲೆಳೆಯಷ್ಟು ಹತ್ತಿರ ಇದ್ದರೂ ಚೌಕದ ಎಲ್ಲೆಯ ಆಚೀಚೆ ಇದ್ದರೆ ಬೇರೆ ಬೇರೆ ಕಡೆಗೇ ಹೋಗುತ್ತವೆ.

ಈ ಗೆರೆಗಳ ಬಲೆಯನ್ನು ಎಸ್‌ಟಿ_ಪಾಲಿಗನೈಜ್‌ಗೆ ಕೊಟ್ಟು, ಎಸ್‌ಟಿ_ಡಂಪ್‌ನಿಂದ ಬಿಡಿಬಿಡಿಯಾಗಿ ತೆಗೆದೆ. ಬಂದದ್ದು ಬರೀ ಮುಖಗಳು, ಅಂದರೆ ಗೆರೆಗಳ ನಡುವಿನ ಮುಚ್ಚಿದ ಜಾಗಗಳು, ಹೆಸರಿಲ್ಲ. ಪ್ರತಿ ಮುಖದೊಳಗೆ ಒಂದು ಬಿಂದು ಇಟ್ಟು, ಅದು ಮೂಲದ ಯಾವ ಪಾಲಿಗನ್‌ನಲ್ಲಿ ಬೀಳುತ್ತದೆ ಅಂತ ನೋಡಿದರೆ ಹೆಸರು ಸಿಗುತ್ತದೆ. ಬಿಂದುವಿಗೆ ಎಸ್‌ಟಿ_ಪಾಯಿಂಟ್‌ಆನ್‌ಸರ್ಫೇಸ್ ಬಳಸಿ. ಬಾಗಿದ ಪಾಲಿಗನ್‌ನಲ್ಲಿ ಎಸ್‌ಟಿ_ಸೆಂಟ್ರಾಯ್ಡ್ ಕೊಡುವ ನಡುಬಿಂದು ಹೊರಗೇ ಬೀಳಬಹುದು. ಬಿಂದು ಹೊಸದರಲ್ಲಿ ಬಿದ್ದರೆ ಹೊಸದರ ಐಡಿ. ಇಲ್ಲವಾದರೆ ಹಳೆಯದರದ್ದು, ಹಳೆಯದರಲ್ಲೇ ಎರಡು ಸಿಕ್ಕರೆ ಆ ಮುಖದ ಜೊತೆ ಹೆಚ್ಚು ಜಾಗ ಹಂಚಿಕೊಂಡದ್ದು. ಹಳೆಯದರ ಒಳಜಗಳ ಇಲ್ಲೇ ತೀರಿತು. ಎಲ್ಲೂ ಬೀಳದಿದ್ದರೆ ಅದು ಬಿರುಕು, ಇಲ್ಲವೇ ನಿಜವಾದ ಖಾಲಿ ಜಾಗ.

ಚೂರುಗಳು

ಸ್ನ್ಯಾಪ್‌ಗೆ ಸಿಗದೆ ಉಳಿದ ಚೂರುಗಳು ಇನ್ನೂ ಇದ್ದವು. ಇವನ್ನು ಗುರುತಿಸಲು ಹೆಚ್ಚಿನವರು ಬಳಸುವುದು 4π ಗುಣಿಸು ವಿಸ್ತೀರ್ಣ, ಭಾಗಿಸು ಸುತ್ತಳತೆಯ ವರ್ಗ. ವೃತ್ತಕ್ಕೆ 1, ಚೌಕಕ್ಕೆ 0.785, ತೆಳ್ಳಗಾದಷ್ಟೂ ಸೊನ್ನೆಯ ಹತ್ತಿರ. ನನಗೆ ಇದು ಅಷ್ಟು ಇಷ್ಟವಿಲ್ಲ. 100 ಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಚೂರಿಗೆ 0.0016 ಬರುತ್ತದೆ. 500 ಮೀಟರ್ ಉದ್ದ, 10 ಮೀಟರ್ ಅಗಲದ ರಸ್ತೆಗೆ 0.06. ರಸ್ತೆ ಇನ್ನೂ ಉದ್ದವಾದರೆ ಇನ್ನೂ ಕೆಳಗೆ. ಎಲ್ಲಿ ಗೆರೆ ಎಳೆಯುವುದು?

ಅದರ ಬದಲು ವಿಸ್ತೀರ್ಣದ ಎರಡರಷ್ಟನ್ನು ಸುತ್ತಳತೆಯಿಂದ ಭಾಗಿಸಿ. ಉದ್ದನೆಯ ಆಕಾರಕ್ಕೆ ಅದು ಹೆಚ್ಚು ಕಡಿಮೆ ಸರಾಸರಿ ಅಗಲವೇ. ಮೇಲಿನ ಚೂರಿಗೆ 0.05 ಮೀಟರ್, ರಸ್ತೆಗೆ 9.8 ಮೀಟರ್. ಅಂಕಿಗೆ ಅರ್ಥ ಬಂತು, ಮಿತಿ ಹಾಕುವುದೂ ಸುಲಭ. ಅರ್ಧ ಮೀಟರ್‌ಗಿಂತ ಕಡಿಮೆ ಇದ್ದವನ್ನು ಚೂರು ಅಂದೆ. ಅನುಮಾನ ಇದ್ದ ಕಡೆ 25 ಸೆಂಟಿಮೀಟರ್ ಒಳಬಫರ್ ಹಾಕಿ, ಅಂದರೆ ಗಡಿಯನ್ನು ಎಲ್ಲ ಕಡೆಯಿಂದ ಅಷ್ಟು ಒಳಕ್ಕೆ ಎಳೆದು, ನೋಡಿದೆ. ಖಾಲಿಯಾದರೆ ಎಲ್ಲೂ ಅರ್ಧ ಮೀಟರ್ ಅಗಲ ಇಲ್ಲ ಅಂತ.

ಪ್ರತಿ ಚೂರನ್ನೂ, ಬಿರುಕನ್ನೂ, ಅದರ ಜೊತೆ ಅತಿ ಉದ್ದದ ಗಡಿ ಹಂಚಿಕೊಂಡ ನೆರೆಗೆ ಸೇರಿಸಿದೆ. ಗಡಿಗಳ ಇಂಟರ್‌ಸೆಕ್ಷನ್‌ನ ಉದ್ದ ನೋಡಿದರೆ ಸಾಕು. ಈಗ ಗೆರೆಗಳೆಲ್ಲ ಒಂದೇ ಬಲೆಯಿಂದ ಬಂದಿರುವುದರಿಂದ ಆ ಉದ್ದ ಸರಿಯಾಗಿ ಸಿಗುತ್ತದೆ. ಮೊದಲಿನ ಡಿಫರೆನ್ಸ್ ಫಲಿತಾಂಶದ ಮೇಲೆ ಇದನ್ನೇ ಮಾಡಲು ಹೋದರೆ ಗೆರೆಗಳು ಕೂಡಿಕೊಳ್ಳದೆ ಬರೀ ಬಿಂದುಗಳು ಬರುತ್ತವೆ. ಒಂದು ಚೂರಿಗೆ ಇನ್ನೊಂದು ಚೂರೇ ಉದ್ದದ ನೆರೆಯಾಗಿರುವುದೂ ಉಂಟು, ಆದ್ದರಿಂದ ಚೂರುಗಳು ಮುಗಿಯುವವರೆಗೆ ಇದನ್ನು ಸುತ್ತಿಸಬೇಕು. ನೆರೆಯಲ್ಲಿ ಹೊಸದೂ ಹಳೆಯದೂ ಇದ್ದರೆ ಹಳೆಯದಕ್ಕೇ ಕೊಟ್ಟೆ. ಹೊಸದರ ಗೆರೆ ಅಲುಗಬಾರದು ಅನ್ನುವುದು ನಿಯಮ.

ಈ ಇಡೀ ಭಾಗಕ್ಕೆ ಪೋಸ್ಟ್‌ಜಿಐಎಸ್ 3.6ರಲ್ಲಿ ಎಸ್‌ಟಿ_ಕವರೇಜ್‌ಕ್ಲೀನ್ ಬಂದಿದೆ, ಜಿಯೋಸ್ 3.14 ಬೇಕು. ಎಷ್ಟು ಅಗಲದ ಬಿರುಕು ಮುಚ್ಚಬೇಕು, ಎಷ್ಟು ದೂರಕ್ಕೆ ಸ್ನ್ಯಾಪ್ ಮಾಡಬೇಕು, ಮೇಲೆಬಿದ್ದ ಜಾಗ ಯಾರಿಗೆ ಅನ್ನುವುದನ್ನೆಲ್ಲ ಅದಕ್ಕೆ ಹೇಳಬಹುದು. ಆ ಆವೃತ್ತಿ ಇರುವವರು ಮೊದಲು ಅದನ್ನೇ ಓಡಿಸಿ ನೋಡಿ. ಒಂದು ಕಡೆಯ ಗೆರೆಗಳನ್ನು ಮುಟ್ಟಲೇಬಾರದು ಅನ್ನುವ ನಿಯಮ ಇದ್ದರೆ ಮಾತ್ರ ಕೈಯಲ್ಲೇ ಮಾಡುವುದು ವಾಸಿ.

ಈಗ ಯೂನಿಯನ್

ಐಡಿ ಪ್ರಕಾರ ಮುಖಗಳನ್ನು ಗುಂಪು ಮಾಡಿ ಒಂದಾಗಿಸುವುದು ಸಲೀಸು. ಎಸ್‌ಟಿ_ಯೂನಿಯನ್ ಗುಂಪಿನ ಪಾಲಿಗನ್‌ಗಳನ್ನು ನಾಕೌಟ್ ಪಂದ್ಯದ ಹಾಗೆ ಹತ್ತಿರದವರನ್ನು ಜೋಡಿ ಮಾಡಿ ಕೂಡಿಸುತ್ತಾ ಹೋಗುತ್ತದೆ, ಹಾಗಾಗಿ ವೇಗ ಚೆನ್ನಾಗಿದೆ. ನೆರೆಗಳ ಅಂಚು ಬಿಂದುವಿಗೆ ಬಿಂದು ಕೂಡುತ್ತದೆ ಅಂತ ಖಾತ್ರಿ ಇದ್ದರೆ ಎಸ್‌ಟಿ_ಕವರೇಜ್‌ಯೂನಿಯನ್ ಇನ್ನೂ ವೇಗ. ಆದರೆ ಅದು ಏನನ್ನೂ ಪರೀಕ್ಷಿಸುವುದಿಲ್ಲ. ಅಂಚು ಕೂಡದಿದ್ದರೆ ತಪ್ಪು ಉತ್ತರವನ್ನು ನಗುನಗುತ್ತಾ ಕೊಡುತ್ತದೆ.

ವರ್ಗದ ಪ್ರಕಾರ ಒಂದಾಗಿಸುವಾಗ ಬೇರೆ ತೊಡಕು. ಇಡೀ ಪ್ರದೇಶದ ಕಾಡೆಲ್ಲ ಒಂದೇ ಮಲ್ಟಿಪಾಲಿಗನ್ ಆಗಿಬಿಟ್ಟರೆ ಅದರ ಡಬ್ಬಿ ಪ್ರದೇಶದಷ್ಟೇ ದೊಡ್ಡದು, ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ. ಅದಕ್ಕೆ ಎಸ್‌ಟಿ_ಕ್ಲಸ್ಟರ್‌ಇಂಟರ್‌ಸೆಕ್ಟಿಂಗ್‌ವಿನ್ ಅನ್ನು ವರ್ಗದ ಮೇಲೆ ಪಾರ್ಟಿಷನ್ ಮಾಡಿ ಓಡಿಸಿ, ತಾಗಿಕೊಂಡಿರುವವನ್ನು ಮಾತ್ರ ಒಂದು ಗುಂಪು ಮಾಡಿದೆ. ಆಮೇಲೆ ವರ್ಗ ಮತ್ತು ಗುಂಪಿನ ಮೇಲೆ ಯೂನಿಯನ್.

ಕಾಲಂಗಳನ್ನು ಕೂಡಿಸುವುದಕ್ಕೂ ತಲೆ ಓಡಿಸಬೇಕು. ಮನೆಗಳ ಸಂಖ್ಯೆಯಂಥದ್ದನ್ನು, ಪಾಲಿಗನ್ ಕತ್ತರಿಸಿಹೋಗಿದ್ದರೆ, ಉಳಿದ ಜಾಗದ ಪ್ರಮಾಣಕ್ಕೆ ಇಳಿಸಿದೆ. ಸಾಂದ್ರತೆ, ಇಳಿಜಾರಿನಂಥದ್ದನ್ನು ಇಳಿಸಬಾರದು, ವಿಸ್ತೀರ್ಣದ ತೂಕ ಕೊಟ್ಟು ಸರಾಸರಿ ತೆಗೆಯಬೇಕು. ದಿನಾಂಕ, ಮೂಲದ ಹೆಸರು ಎರಡನ್ನೂ ಹಾಗೇ ಇಟ್ಟೆ. ಮುಂದೆ ಯಾರಾದರೂ ‘ಈ ಗೆರೆ ಎಲ್ಲಿಂದ ಬಂತು’ ಅಂದರೆ ಉತ್ತರ ಟೇಬಲ್‌ನಲ್ಲೇ ಇರಲಿ.

ತಾಳೆ

ಎಸ್‌ಟಿ_ಕವರೇಜ್‌ಇನ್‌ವ್ಯಾಲಿಡ್‌ಎಡ್ಜಸ್ ಕೂಡದ ಅಂಚುಗಳನ್ನು ಮಾತ್ರ ಹೊರಗೆಳೆದು ತೋರಿಸುತ್ತದೆ. ಬಿರುಕಿನ ಅಗಲವನ್ನೂ ಕೊಟ್ಟರೆ ಅದಕ್ಕಿಂತ ಸಣ್ಣ ಬಿರುಕುಗಳನ್ನೂ ಹಿಡಿಯುತ್ತದೆ. ಸಿಕ್ಕದ್ದೆಲ್ಲ ಒಂದೇ ಕಡೆ ಇತ್ತು: ಸಂಸ್ಕರಿಸಿದ ಗುಂಪಿಗೂ ನೇರವಾಗಿ ದಾಟಿಸಿದ ಹಳೇ ಪಾಲಿಗನ್‌ಗಳಿಗೂ ನಡುವೆ. ಕಾರಣ ಗ್ರಿಡ್. ಒಂದು ಕಡೆ ಸೆಂಟಿಮೀಟರ್‌ಗೆ ಕೂತಿದೆ, ಇನ್ನೊಂದು ಕಡೆ ಇಲ್ಲ. ದಾಟಿಸಿದವಕ್ಕೂ ಎಸ್‌ಟಿ_ರೆಡ್ಯೂಸ್‌ಪ್ರಿಸಿಷನ್ 0.01 ಹಾಕಿದ ಮೇಲೆ ಹೆಚ್ಚಿನವು ಹೋದವು. ಎಸ್‌ಟಿ_ಸ್ನ್ಯಾಪ್‌ಟುಗ್ರಿಡ್ ಕೂಡ ಇದೇ ಕೆಲಸ ಮಾಡುವ ಹಾಗೆ ಕಾಣುತ್ತದೆ, ಆದರೆ ಪಾಲಿಗನ್ ಕೆಡದಂತೆ ನೋಡಿಕೊಳ್ಳುವುದಿಲ್ಲ.

ಸೆಗ್ಮೆಂಟೈಜ್ ಬಿಟ್ಟುಹೋದ ಅರ್ಧ ಮೀಟರ್‌ಗೊಂದು ಬಿಂದುಗಳನ್ನು ಎಸ್‌ಟಿ_ಕವರೇಜ್‌ಸಿಂಪ್ಲಿಫೈ ತೆಗೆಯಿತು, ತೀರಾ ಸಣ್ಣ ಮಿತಿಯಲ್ಲಿ. ಅದು ಹಂಚಿಕೊಂಡ ಅಂಚನ್ನು ಎರಡೂ ಕಡೆ ಒಂದೇ ರೀತಿ ಸರಳ ಮಾಡುತ್ತದೆ. ಮಾಮೂಲಿ ಎಸ್‌ಟಿ_ಸಿಂಪ್ಲಿಫೈ ಪ್ರತಿ ಪಾಲಿಗನ್ ಅನ್ನು ಒಂಟಿಯಾಗಿ ನೋಡುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು.

ವಿಸ್ತೀರ್ಣದ ಲೆಕ್ಕ ಪ್ರದೇಶಕ್ಕೆ ಹೋಲಿಸಿದರೆ ಗಣನೆಗೆ ಬಾರದಷ್ಟು ವ್ಯತ್ಯಾಸಕ್ಕೆ ಬಂದು ನಿಂತಿತು. ಹೊಸದರ ಪ್ರತಿ ಐಡಿಯೂ ಕೊನೆಯ ಟೇಬಲ್‌ನಲ್ಲಿ ಇದೆಯೇ ಅಂತ ಎಣಿಸಿದೆ, ಎಲ್ಲ ಇದ್ದವು. ಹಳೆಯದರಲ್ಲಿ ಕಾಣೆಯಾದ ಐಡಿಗಳು ಹೊಸದರ ಕೆಳಗೆ ಪೂರ್ತಿ ಮುಚ್ಚಿಹೋದವೇ ಅಂತ ಬೇರೆ ಕ್ವೆರಿಯಿಂದ ನೋಡಿದೆ. ಕೆಲವು ಹಾಗಲ್ಲ, ಚೂರಾಗಿ ಉಳಿದು ನೆರೆಗೆ ಸೇರಿಹೋಗಿದ್ದವು. ಅವನ್ನು ಬೇರೆ ಟೇಬಲ್‌ಗೆ ಹಾಕಿ, ನಕ್ಷೆ ನೋಡಿ ತೀರ್ಮಾನಿಸುವವರಿಗೆ ಕಳಿಸಿದ್ದೇನೆ.

ಕೊನೆಯ ಟೇಬಲ್‌ನ ಕಾಲಂ ಮಲ್ಟಿಪಾಲಿಗನ್, ಎಸ್‌ಆರ್‌ಐಡಿ ಬಿಗಿ. ಎಸ್‌ಟಿ_ಈಸ್‌ವ್ಯಾಲಿಡ್ ಅನ್ನು ಚೆಕ್ ಆಗಿ ಹಾಕಿದೆ, ಇನ್ನು ಕೆಟ್ಟ ಪಾಲಿಗನ್ ಒಳಗೆ ಬರುವಂತಿಲ್ಲ. ಆಮೇಲೆ ಜಿಸ್ಟ್ ಇಂಡೆಕ್ಸ್ ಕಟ್ಟಿ, ಟೇಬಲ್‌ನ ಅಂಕಿಅಂಶ ಕೂಡಿಡುವ ಅನಲೈಜ್ ಓಡಿಸಿದೆ. ಗೆರೆಗಳ ಬಲೆಯ ಟೇಬಲ್ ಅನ್ನು ಮಾತ್ರ ಅಳಿಸಿಲ್ಲ. ಹೊಸ ಅಳತೆಯ ಮುಂದಿನ ಕಂತು ಬಂದಾಗ ಅಲ್ಲಿಂದಲೇ ಶುರು ಮಾಡಬಹುದು.